ಮಧ್ಯಾಹ್ನ ಮೂರು ಗಂಟೆಗೆ ಮನೆ ನೋಡ್ರಿ

ಗವಿಮಠದ ಜಾತ್ರೆ ಮುಗಿಯಿತೆಂದರೆ ಕೊಪ್ಪಳದಲ್ಲಿ ಮನೆ ಹುಡುಕುವವರ ತಿರುಗಾಟ ಶುರು. ಯುಗಾದಿ ಹೊತ್ತಿಗೆ ಅದು ಜೋರಾಗುತ್ತದೆ. ಕಡಲೆ, ಬಿಳಿಜೋಳ ಮಾರಿದ ರೊಕ್ಕ ಕೈಗೆ ಬಂದಿರುತ್ತದೆ, ಹುಡುಗರ ಪರೀಕ್ಷೆ ಮುಗಿಯುತ್ತಾ ಬಂದಿರುತ್ತದೆ, ನೌಕರಿ ಇದ್ದವರಿಗೆ ವರ್ಗಾವಣೆಯ ಚಿಂತೆ ಹತ್ತಿರುತ್ತದೆ. ಬಸವ ಜಯಂತಿಯೊಳಗೆ ಹಾಲು ಉಕ್ಕಿಸಿಬಿಡಬೇಕು ಅಂತ ಎಲ್ಲರಿಗೂ ಅವಸರ. ಈ ಅವಸರ ಮಾರುವವನಿಗೂ ಗೊತ್ತು, ದಲ್ಲಾಳಿಗೂ ಗೊತ್ತು. ಅದಕ್ಕೇ ಚೈತ್ರದಲ್ಲಿ ಅವರು ಹೇಳುವ ರೇಟು ಕೇಳಿದರೆ ಬಾಯಿ ಒಣಗುತ್ತದೆ.

ನಾನು ಗೌಂಡಿ. 26 ವರ್ಷದಿಂದ ಕರಣಿ ಹಿಡಿದಿದ್ದೇನೆ, ಮೊದಲು ಅಪ್ಪನ ಕೈಕೆಳಗೆ, ಆಮೇಲೆ ಸ್ವಂತ. ನನಗೆ ಕೆಲಸ ಹೆಚ್ಚು ಬರುವುದು ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ. ಚೈತ್ರದಲ್ಲಿ ಮನೆ ಕೊಂಡವರು ಆಗ ಫೋನು ಹಚ್ಚುತ್ತಾರೆ: "ಅಣ್ಣಾರ, ಬೆಡ್‌ರೂಮಿನ್ಯಾಗ ಬಕೀಟು ಇಟ್ಕೊಂಡು ಮಲಗೀವ್ರಿ." ನಗುವ ಹಾಗಿಲ್ಲ, ಯಾಕೆಂದರೆ 2011ರಲ್ಲಿ ನಾನೂ ಹಾಗೇ ಮೋಸ ಹೋದವನು. ದಲ್ಲಾಳಿ ನನ್ನನ್ನು ಬೆಳಿಗ್ಗೆ ಎಂಟಕ್ಕೆ ಕರೆದುಕೊಂಡು ಹೋದ. ಪೂರ್ವದ ಬಾಗಿಲು, ಅಂಗಳದ ಮೇಲೆ ಪಕ್ಕದ ಮನೆಯ ಬೇವಿನ ನೆರಳು, ತಣ್ಣನೆಯ ಗಾಳಿ. ಅಲ್ಲೇ ಸಂಚಕಾರ, ಅಂದರೆ ಮುಂಗಡ, ಕೊಟ್ಟುಬಿಟ್ಟೆ. ಮೇ ತಿಂಗಳಲ್ಲಿ ಮಲಗುವ ಕೋಣೆಯ ಪಶ್ಚಿಮದ ಗೋಡೆ ರಾತ್ರಿ ಹತ್ತಕ್ಕೂ ರೊಟ್ಟಿ ಹಂಚಿನ ಹಾಗೆ ಕಾದಿರುತ್ತಿತ್ತು. ಜೂನ್‌ನಲ್ಲಿ ಜೋಳದ ಚೀಲದ ಮೇಲೇ ನೀರು ತೊಟ್ಟಿಕ್ಕಿತು. ನನ್ನ ಹೆಂಡತಿ ಇವತ್ತಿಗೂ ಅಂತಾಳೆ: "ಊರ ಮನಿ ಎಲ್ಲಾ ರಸಮಟ್ಟ ಹಿಡಿದು ನೋಡ್ತೀರಿ, ನಮ್ಮ ಮನಿ ಮಾತ್ರ ಕಣ್ಣು ಮುಚ್ಚಿ ನೋಡೀರಿ."

ಹಾಗಾಗಿ ಮೊದಲನೆಯ ಮಾತು. ಬೆಳಿಗ್ಗೆ ಮನೆ ನೋಡಬೇಡಿ. ಮಧ್ಯಾಹ್ನ ಮೂರಕ್ಕೆ ಹೋಗಿ. ದಲ್ಲಾಳಿ "ಬಿಸಿಲು ಭಾಳ ಐತಿ, ಸಂಜಿಗೆ ಬರ್ರಿ" ಅಂದರೆ ಬಿಸಿಲು ನೋಡಲಿಕ್ಕೇ ಬಂದಿದ್ದೇವೆ ಅನ್ನಿ. ಒಳಗೆ ಹೋದ ಕೂಡಲೇ ಫ್ಯಾನು ಹಾಕಿಸಬೇಡಿ. ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಪಶ್ಚಿಮದ ಗೋಡೆಗೆ ಒಳಗಿನಿಂದ ಅಂಗೈ ಒತ್ತಿ ನೋಡಿ. ಆಮೇಲೆ ಅದೇ ದಿನ ರಾತ್ರಿ ಒಂಬತ್ತಕ್ಕೆ ಏನಾದರೂ ನೆಪ ಹೇಳಿ ಮತ್ತೆ ಹೋಗಿ, ಅದೇ ಗೋಡೆ ಮುಟ್ಟಿ, ಕುರ್ಚಿ ಹತ್ತಿ ಛತ್ತು ಮುಟ್ಟಿ. ಎರಡನೆಯ ಸಲ ಹೋಗುವುದು ಮೊದಲನೆಯದಕ್ಕಿಂತ ಮುಖ್ಯ. ಸಿಮೆಂಟಿನ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ಇಟ್ಟುಕೊಂಡು ಸೂರ್ಯ ಮುಳುಗಿದ ಮೇಲೆ ಕೆಳಗಿನ ಕೋಣೆಗೆ ಬಿಡುತ್ತದೆ. ಮಧ್ಯಾಹ್ನ ತಡೆದುಕೊಳ್ಳಬಹುದಾದ ಕೋಣೆ ರಾತ್ರಿ ಒಲೆಯಾಗುವುದು ಹೀಗೆ. ನಮ್ಮ ಅಪ್ಪ ಕಟ್ಟುತ್ತಿದ್ದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆಯೇ ಎರಡಡಿ ದಪ್ಪ. ಹೊರಗಿನ ಕಾವು ಒಳಗೆ ಮುಟ್ಟುವಷ್ಟರಲ್ಲಿ ಹೊರಗೆ ತಂಪಾಗಿರುತ್ತಿತ್ತು. ಮೇಲೆ ಗವಾಕ್ಷಿ ಇರುತ್ತಿತ್ತು, ಬಿಸಿ ಗಾಳಿ ಅದರಲ್ಲಿ ಹೋಗಿಬಿಡುತ್ತಿತ್ತು. ಅಂಥ ಹಳೆಯ ಮನೆ ಸಿಕ್ಕರೆ ತೊಲೆ, ಜಂತಿಗೆ ಗೆದ್ದಲು ಹತ್ತಿದೆಯೇ ಅಂತ ಕೊಡತಿಯಿಂದ ಕುಟ್ಟಿ ನೋಡಿ, ಪೊಳ್ಳು ಸದ್ದು ಬರದಿದ್ದರೆ ಬಿಡಬೇಡಿ.

ಬಾಡಿಗೆಗೆ ನೋಡುವವರಾದರೆ ಎರಡಂತಸ್ತಿನ ಮನೆಯಲ್ಲಿ ಕೆಳಗಿನದನ್ನೇ ಹಿಡಿಯಿರಿ. ಬಾಡಿಗೆ ಸ್ವಲ್ಪ ಹೆಚ್ಚಿದ್ದರೂ ಸರಿ, ಮೇಲಿನವರು ನಿಮ್ಮ ಪಾಲಿನ ಬಿಸಿಲು ಕಾಯುತ್ತಾರೆ.

ಎರಡನೆಯ ಮಾತು ರೇಟಿನದು. ಚೈತ್ರದಲ್ಲಿ ನೋಡಿ, ಆದರೆ ಚೈತ್ರದಲ್ಲಿ ಮುಗಿಸಬೇಡಿ. ಈ ಪರಾಭವ ಸಂವತ್ಸರದಲ್ಲಿ ಅಧಿಕ ಮಾಸ ಬಂದಿದೆ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಜುಲೈ ಮಧ್ಯದಿಂದ ಆಷಾಢ. ಈ ಎರಡೂ ಕಾಲದಲ್ಲಿ ಗೃಹಪ್ರವೇಶ ಮಾಡುವವರಿಲ್ಲ, ಹಾಗಾಗಿ ಮನೆ ನೋಡಲಿಕ್ಕೂ ಯಾರೂ ಬರುವುದಿಲ್ಲ. ಮಾರುವವನ ಫೋನು ಸುಮ್ಮನೆ ಬಿದ್ದಿರುತ್ತದೆ. ಪ್ರವೇಶ ಬೇಡ ಅಂತ ಅಯ್ಯನವರು ಹೇಳಬಹುದು, ಚೌಕಾಸಿ ಬೇಡ ಅಂತ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಇನ್ನೊಂದು ಲಾಭವಿದೆ: ರೋಹಿಣಿ ಮಳೆ, ಮಿರಗದ ಮಳೆ ಎರಡೂ ಈ ಅಧಿಕ ಮಾಸದೊಳಗೇ ಬರುತ್ತವೆ. ಬಿಸಿಲಿನಲ್ಲಿ ನೋಡಿದ ಮನೆಯನ್ನು ಮಳೆಯಲ್ಲೂ ನೋಡಬಹುದು. ಸೋರಿದರೆ ಫೋಟೋ ತೆಗೆದುಕೊಳ್ಳಿ, ಅದನ್ನು ಮುಂದಿಟ್ಟು ಮಾತಾಡಿ. ಬರೆಸುವುದು ಶ್ರಾವಣದಲ್ಲಿ ಆಗಲಿ. ಇಷ್ಟರೊಳಗೆ ಮನೆ ಬೇರೆಯವರ ಪಾಲಾದರೆ? ಆಗಬಹುದು. ಕೊಪ್ಪಳದಲ್ಲಿ ಅದೊಂದೇ ಮನೆ ಇಲ್ಲ.

ಮಳೆವರೆಗೆ ಕಾಯಲು ಆಗದವರು ಮಳೆಯನ್ನು ತಾವೇ ತರಿಸಬೇಕು. ಮಾಲೀಕನನ್ನು ಕೇಳಿ ಮಾಳಿಗೆಯ, ಅಂದರೆ ತಾರಸಿಯ, ನೀರು ಹೋಗುವ ಪೈಪಿಗೆ ಬಟ್ಟೆ ತುರುಕಿ, ಮೇಲೆ ಒಂದಂಗುಲ ನೀರು ನಿಲ್ಲಿಸಿ, 24 ತಾಸು ಬಿಡಿ. 20 ಅಡಿ–30 ಅಡಿ ಮಾಳಿಗೆಗೆ ಒಂದಂಗುಲ ಅಂದರೆ ಸುಮಾರು 1,400 ಲೀಟರ್. ಬೇಸಿಗೆಯಲ್ಲಿ ನೀರು ಹಾಳು ಮಾಡುವುದೇ ಅಂತ ಸಂಕಟವಾಗುತ್ತದೆ, ಮರುದಿನ ಅದನ್ನೇ ಗಿಡಕ್ಕೆ ಬಿಡಿ. ಒಳಗೆ ಛತ್ತಿನ ಮೇಲೆ ನಾಣ್ಯದಷ್ಟು ತೇವ ಕಂಡರೂ ಗುರುತು ಹಾಕಿಕೊಳ್ಳಿ. ಮಾಲೀಕ ಒಪ್ಪಲಿಲ್ಲವೇ? ಅದೂ ಒಂದು ಉತ್ತರವೇ. ಆಗ ಕಣ್ಣಿಗೆ ಕೆಲಸ ಕೊಡಿ: ಇಡೀ ಮನೆಗೆ ಹಳೆಯ ಬಣ್ಣ ಇದ್ದು ಛತ್ತಿನ ಒಂದೇ ಮೂಲೆಗೆ ಹೊಸ ಬಣ್ಣ ಬಳಿದಿದ್ದರೆ, ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಅರಳಿದ್ದರೆ, ಬೀರು ವಿಚಿತ್ರ ಜಾಗದಲ್ಲಿ ನಿಂತಿದ್ದರೆ, ಕೇಳಿ. ಬೀರು ಸರಿಸಿ ಅಂತಲೂ ಕೇಳಿ, ನಾಚಿಕೆ ಬೇಡ.

ಬಿರುಕಿನ ವಿಷಯ. ನಮ್ಮ ಕಡೆ ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಮೇಲ್ಮೇಲೆ ಪಾಯ ಹಾಕಿ ಕಟ್ಟಿದ ಮನೆಯೂ ಅದರ ಜೊತೆ ಕುಣಿಯುತ್ತದೆ. ಕೂದಲೆಳೆಯಂಥ ಪ್ಲಾಸ್ಟರಿನ ಬಿರುಕಿಗೆ ಹೆದರಬೇಡಿ. ಕಿಟಕಿಯ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟು ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವ ಬಿರುಕು, ಹತ್ತು ರೂಪಾಯಿ ನಾಣ್ಯದ ಅಂಚು ಹೋಗುವಷ್ಟು ಅಗಲವಿದ್ದರೆ, ಅದು ಪಾಯದ ರೋಗ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ, ತಿಂಗಳು ಬಿಟ್ಟು ನೋಡಿ. ಗೆರೆ ದಾಟಿ ಮುಂದೆ ಹೋಗಿದ್ದರೆ ಆ ಮನೆಗೆ ಕೈ ಮುಗಿದು ಬನ್ನಿ. ಪಾಯ ಗಟ್ಟಿ ಗರಸಿನವರೆಗೆ ಹೋಗಿದೆಯೇ ಅಂತ ಕಟ್ಟಿದ ಗೌಂಡಿಯನ್ನೇ ಹುಡುಕಿ ಕೇಳಿ. ನಮ್ಮ ಜಾತಿಯವರು ಚಹಾ ಕುಡಿಸಿದರೆ ನಿಜ ಹೇಳುತ್ತಾರೆ. ಗೌಂಡಿಗಳ ಜಾತಿ ಅಂದೆ, ತಪ್ಪು ತಿಳಿಯಬೇಡಿ.

ನೀರು: ಬೋರ್‌ವೆಲ್ ಇದೆ ಅಂದ ಕೂಡಲೇ ಖುಷಿಪಡಬೇಡಿ. ಕೊಪ್ಪಳ ಜಿಲ್ಲೆಯ ಎಷ್ಟೋ ಕಡೆ, ಕುಷ್ಟಗಿ, ಯಲಬುರ್ಗಾ ಕಡೆಯಂತೂ, ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಟ್ಟು ಚೀಟಿ ತೆಗೆದುಕೊಳ್ಳಿ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದನ್ನು ಮಾಲೀಕನನ್ನು ಕೇಳಬೇಡಿ, ಎದುರು ಮನೆಯ ಅವ್ವನನ್ನು ಕೇಳಿ.

ಕಾಗದಪತ್ರ ವಕೀಲರ ಕೆಲಸ, ನಾನು ಕಂಡಷ್ಟು ಹೇಳುತ್ತೇನೆ. ನಗರಸಭೆಯೊಳಗಿನ ಮನೆಗೆ ಇ-ಖಾತಾ ಬೇಕು, ನಮೂನೆ 3. ಗ್ರಾಮ ಪಂಚಾಯಿತಿಯದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಬರೀ 11ಬಿ (ಅನುಮೋದನೆ ಇಲ್ಲದ ಜಾಗದ್ದು) ತೋರಿಸಿದರೆ ಹುಷಾರು. ಜಾಗ ಎನ್.ಎ. (ಕೃಷಿಯೇತರ) ಆಗಿದೆಯೇ ನೋಡಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿ, ಆದಷ್ಟು ಹಿಂದಿನ ವರ್ಷದಿಂದ. ಮತ್ತೆ, ಎಷ್ಟೋ ಜನ ಮನೆಯ ರೇಟಿಗೆ ಮಾತ್ರ ರೊಕ್ಕ ಹೊಂದಿಸಿಕೊಂಡು ನೋಂದಣಿ ದಿನ ತಲೆ ಮೇಲೆ ಕೈ ಹೊತ್ತು ಕೂಡುತ್ತಾರೆ. ಸ್ಟಾಂಪ್ ಡ್ಯೂಟಿ ನೂರಕ್ಕೆ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ ಮೊದಲು ನೂರಕ್ಕೆ 1 ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ. ಊರೊಳಗಿನ 30 ಲಕ್ಷದ ಮನೆಗೆ ಎಲ್ಲಾ ಸೇರಿ 2,28,000 ರೂಪಾಯಿ. ಮಾರ್ಗಸೂಚಿ ದರ ನಿಮ್ಮ ರೇಟಿಗಿಂತ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ.

ಇನ್ನು ಮನೆ ತಂಪು ಮಾಡುವುದು. ಕೊಂಡದ್ದಾಗಲಿ, ಬಾಡಿಗೆಯದಾಗಲಿ, ಮೊದಲ ರೊಕ್ಕ ಮಾಳಿಗೆಗೆ ಹಾಕಿ. ಎ.ಸಿ.ಗಲ್ಲ, ಪಿ.ಒ.ಪಿ. ಡಿಸೈನಿಗಂತೂ ಅಲ್ಲವೇ ಅಲ್ಲ. ಬಿಸಿಲು ಹೆಚ್ಚು ಹೊತ್ತು ಬಡಿಯುವುದು ಮಾಳಿಗೆಗೆ. ಅದು ಬೆಳ್ಳಗಿದ್ದರೆ ಬಿಸಿಲು ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆ. ಅಂಗಡಿಯಲ್ಲಿ ಕೂಲ್ ರೂಫ್ ಬಣ್ಣ ಸಿಗುತ್ತದೆ, ಚೆನ್ನಾಗಿಯೂ ಇದೆ, ಆದರೆ ನಾನು ನನ್ನ ಮನೆಗೆ ಹಚ್ಚುವುದು ಸುಣ್ಣವನ್ನೇ.

ಮಾಡುವುದು ಹೀಗೆ. ಕಲ್ಲುಸುಣ್ಣವನ್ನು ಕಬ್ಬಿಣದ ಡ್ರಮ್ಮಿನ ನೀರಿಗೆ ಹಾಕಿ ಅರಳಿಸಿ. ಪ್ಲಾಸ್ಟಿಕ್ ಬಕೀಟು ಬೇಡ, ಸುಣ್ಣ ಕೊತಕೊತ ಕುದ್ದು ಅದನ್ನು ಮೆತ್ತಗೆ ಮಾಡಿಬಿಡುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ, ಕಣ್ಣಿಗೆ ಕನ್ನಡಕ ಇರಲಿ. ಒಂದು ಹನಿ ಸಿಡಿದರೆ ಕಣ್ಣೇ ಹೋಗಬಹುದು, ಸಿಡಿದರೆ ಬಹಳ ಹೊತ್ತು ನೀರಿನಲ್ಲಿ ತೊಳೆದುಕೊಂಡು ಆಸ್ಪತ್ರೆಗೆ ಓಡಿ. ರಾತ್ರಿಯಿಡೀ ಬಿಟ್ಟು, ಮರುದಿನ ಬಟ್ಟೆಯಲ್ಲಿ ಸೋಸಿ, ಅಂಟಿಗೆ ಫೆವಿಕಾಲ್ ಕಲಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ಅಷ್ಟರಲ್ಲಿ ಮಾಳಿಗೆ ಗುಡಿಸಿ, ಪಾಚಿ ಉಜ್ಜಿ, ಬಿರುಕು ತುಂಬಿಸಿರಬೇಕು. ಸುಣ್ಣ ಸೋರುವುದನ್ನು ನಿಲ್ಲಿಸುವುದಿಲ್ಲ, ಅದು ಬೇರೆ ಕೆಲಸ. ನೀರು ಎಲ್ಲಿಯಾದರೂ ನಿಲ್ಲುತ್ತಿದ್ದರೆ ವಾಟ (ಇಳಿಜಾರು) ಸರಿ ಮಾಡಿಸಿ. ಸಂಜೆ ಐದರ ಮೇಲೆ ಮಾಳಿಗೆಗೆ ನೀರು ಚಿಮುಕಿಸಿ ತೆಳ್ಳಗೆ ಒಂದು ಕೈ ಬಳಿಯಿರಿ. ಮರುದಿನ ಸಂಜೆ ಎರಡನೆಯದು, ಅದರ ಮರುದಿನ ಮೂರನೆಯದು. ಒಂದೇ ಸಲ ದಪ್ಪಗೆ ಬಳಿದರೆ ಹಪ್ಪಳದ ಹಾಗೆ ಏಳುತ್ತದೆ. ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ. ಮೊದಲ ಮಳೆಯ ನೀರನ್ನು ತೊಟ್ಟಿಗೆ ಬಿಡಬೇಡಿ.

ನಮ್ಮ ಅವ್ವ ಮಾಳಿಗೆ ಮೇಲೆ ಕಣಕಿ (ಜೋಳದ ಒಣದಂಟು) ಹರಡುತ್ತಿದ್ದಳು. ತಂಪೇನೋ ಆಗುತ್ತಿತ್ತು, ಜೊತೆಗೆ ಇಲಿಯೂ ಬರುತ್ತಿತ್ತು, ಇಲಿಯ ಹಿಂದೆ ಹಾವೂ. ಈಗ ಮಾಳಿಗೆ ಪಕ್ಕದಲ್ಲೇ ಕರೆಂಟಿನ ವೈರು ಹಾದಿರುತ್ತದೆ, ಒಂದು ಕಿಡಿ ಸಾಕು. ಬೇಡ.

ಪಶ್ಚಿಮದ ಗೋಡೆಗೆ ಬೇಕಾದದ್ದು ನೆರಳು. ಗೋಡೆಯಿಂದ ಒಂದಡಿ ದೂರಕ್ಕೆ ಬಿದಿರ ತಟ್ಟಿ ಇಲ್ಲವೇ ಹಸಿರು ನೆಟ್ ಕಟ್ಟಿ, ನಡುವೆ ಗಾಳಿ ಆಡಲಿ. ಗೋಡೆಗೆ ಅಂಟಿಸಿ ಕಟ್ಟಿದರೆ ಅರ್ಧ ಪ್ರಯೋಜನವೂ ಇಲ್ಲ. ಜಾಗವಿದ್ದರೆ ಹೊಂಗೆ ಹಚ್ಚಿ. ಬೇವಿನ ನೆರಳೂ ಒಳ್ಳೆಯದೇ, ಆದರೆ ನಿಮ್ಮ ಅಂಗಳದ ಬೇವನ್ನು ನಂಬಿ. ನಾನು ನಂಬಿದ್ದ ಪಕ್ಕದ ಮನೆಯ ಬೇವನ್ನು ಮೂರನೇ ವರ್ಷ ಕಡಿದರು.

ಕಿಟಕಿ ರಾತ್ರಿ ತೆರೆದಿರಲಿ, ಸೊಳ್ಳೆಗೆ ಜಾಲರಿ ಬಡಿಸಿ. ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ಪರದೆ ಎಳೆದುಬಿಡಿ. ಹಗಲು ಕಿಟಕಿ ತೆರೆದು "ಗಾಳಿ ಬರಲಿ" ಅನ್ನುವುದು ಒಲೆಯ ಬಾಯಿ ತೆರೆದ ಹಾಗೆ.

ಕೂಲರ್ ಬಗ್ಗೆ ನನಗೆ ದಿನಾ ಜಗಳ. ಕೋಣೆಯ ಮಧ್ಯೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ, ಮೈ ಅಂಟಂಟು ಅನ್ನುತ್ತಾರೆ. ಕೂಲರ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಗಾಳಿ ಒಣಗಿದ್ದಷ್ಟೂ ಅದಕ್ಕೆ ಬಲ. ನಮ್ಮ ಮಾರ್ಚ್, ಏಪ್ರಿಲ್ ಗಾಳಿ ಅದಕ್ಕೆ ಹೇಳಿ ಮಾಡಿಸಿದ್ದು. ಕಿಟಕಿಗೆ ಬೆನ್ನು ಕೊಟ್ಟು ಹೊರಗಿನ ಗಾಳಿ ಎಳೆಯುವಂತೆ ಇಡಿ, ಎದುರಿನ ಕಿಟಕಿ ಒಂದು ಗೇಣು ತೆರೆದಿರಲಿ. ಬೋರಿನ ಗಡಸು ನೀರಿಗೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟಿ ಗಾಳಿ ಹೋಗದಂತಾಗುತ್ತದೆ. ವಾರಕ್ಕೊಮ್ಮೆ ಟ್ಯಾಂಕು ಪೂರ್ತಿ ಖಾಲಿ ಮಾಡಿ ಉಜ್ಜಿ, ಇಲ್ಲದಿದ್ದರೆ ಸೊಳ್ಳೆ ಅಲ್ಲೇ ಸಂಸಾರ ಹೂಡುತ್ತದೆ. ಮಳೆಗಾಲ ಹಿಡಿದ ಮೇಲೆ ಅದರಿಂದ ಏನೂ ಆಗದು, ಬಟ್ಟೆ ಮುಚ್ಚಿ ಮೂಲೆಗಿಡಿ.

ಫ್ಯಾನು ಹೊಸದು ಕೊಳ್ಳುವುದಾದರೆ ಬಿ.ಎಲ್.ಡಿ.ಸಿ. ತೆಗೆದುಕೊಳ್ಳಿ. ಹಳೆಯ ಫ್ಯಾನು 75 ವಾಟ್ ತಿಂದರೆ ಇದಕ್ಕೆ 30ರ ಆಸುಪಾಸು ಸಾಕು, ಹಗಲು ರಾತ್ರಿ ತಿರುಗುವ ನಮ್ಮಂಥ ಊರಿಗೆ ಅದೇ ಸರಿ. ಬಾಡಿಗೆ ಮನೆಗೆ ಹೋಗುವವರು ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿನ ಗೃಹಜ್ಯೋತಿಯಿಂದ ಬಿಡಿಸಿದ್ದಾರೆಯೇ ಅಂತ ಮಾಲೀಕರನ್ನು ಕೇಳಿಕೊಂಡೇ ಡಿಪಾಸಿಟ್ ಕೊಡಿ. ಬಿಡಿಸದಿದ್ದರೆ ಜೆಸ್ಕಾಂನ ಕರೆಂಟು ಬಿಲ್ಲು ನಿಮ್ಮ ಕೈಗೆ ಬರುತ್ತದೆ.

ನಮ್ಮ ಮನೆಯಲ್ಲಿ ಈಗ ಮಂಚ ಪೂರ್ವದ ಕೋಣೆಗೆ ಬಂದಿದೆ, ಪಶ್ಚಿಮದ್ದು ಜೋಳದ ಚೀಲಕ್ಕೆ. ಈ ಸಲದ ಸುಣ್ಣ ಎರಡು ಕೈ ಆಗಿದೆ, ಮೂರನೆಯದು ಇವತ್ತು ಸಂಜೆ. ಡ್ರಮ್ಮಿನ ಪಕ್ಕ ಹೆಂಡತಿ ಆಗಲೇ ಬ್ರಷ್ಷು ನೆನೆಹಾಕಿದ್ದಾಳೆ.