ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಕ್ರಮ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಬೆಂಗಳೂರಿನ ಮನೆಗಳಲ್ಲಿ ಪಿಸಿಎಂಬಿಯೋ ಪಿಸಿಎಂಸಿಯೋ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಜೀವಶಾಸ್ತ್ರವೋ ಕಂಪ್ಯೂಟರ್ ಸೈನ್ಸೋ ಎಂಬ ಚರ್ಚೆ ಏಳುತ್ತದೆ. ಮುಂದೆ ಎಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸೇರಬೇಕಾದರೆ ಪಿಯುಸಿಯಲ್ಲಿಯೂ ಅದನ್ನೇ ಓದಿರಬೇಕೆಂಬುದು ತಪ್ಪು ನಂಬಿಕೆ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳನ್ನು ಆಧರಿಸಿರುತ್ತದೆ. ವಿಷಯದ ಮೇಲೆ ಒಲವಿದ್ದರೆ ಮಾತ್ರ ಇದನ್ನು ಆರಿಸಿಕೊಳ್ಳುವುದು ಲೇಸು.

ಮೊದಲು ಸರಿಯಾದ ಪುಸ್ತಕ ಕೈಯಲ್ಲಿರಬೇಕು. ರಾಜ್ಯದ ಪಿಯು ಪಠ್ಯದಲ್ಲಿ ಹಿಂದೆ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇತ್ತು, ಈಗ ಪೈಥಾನ್ ಬಂದಿದೆ. ಆದ್ದರಿಂದ ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಹಳೆಯ ಗೈಡ್ ಕೊಳ್ಳುವ ಮುನ್ನ ಒಳಪುಟಗಳನ್ನು ತಿರುವಿ ನೋಡುವುದು ಅಗತ್ಯ.

ಪ್ರೋಗ್ರಾಮನ್ನು ಬಾಯಿಪಾಠ ಮಾಡುವುದು ನಮ್ಮ ವಿದ್ಯಾರ್ಥಿಗಳ ದೊಡ್ಡ ದೌರ್ಬಲ್ಯ. ಅದರ ಬದಲು, ಕಂಪ್ಯೂಟರಿನ ಮುಂದೆ ಕೂರುವುದಕ್ಕೆ ಮೊದಲು ಪ್ರತಿ ಸಾಲು ನಡೆದ ಮೇಲೆ ಯಾವ ವೇರಿಯಬಲ್‌ನಲ್ಲಿ ಯಾವ ಬೆಲೆ ಉಳಿಯುತ್ತದೆ ಎಂಬುದನ್ನು ಕಾಗದದ ಮೇಲೆ ಕೋಷ್ಟಕ ಹಾಕಿ ಬರೆಯಬೇಕು. ಉದಾಹರಣೆಗೆ 7, 3, 9, 2 ಎಂಬ ಪಟ್ಟಿಗೆ ಬಬಲ್ ಸಾರ್ಟ್ (ಅಕ್ಕಪಕ್ಕದ ಎರಡೆರಡು ಸಂಖ್ಯೆಗಳನ್ನು ಹೋಲಿಸಿ ದೊಡ್ಡದನ್ನು ಬಲಕ್ಕೆ ಸರಿಸುವ ಕ್ರಮ) ಮಾಡಿದರೆ ಮೊದಲ ಸುತ್ತಿನ ಕೊನೆಗೆ 3, 7, 2, 9, ಎರಡನೆಯದಕ್ಕೆ 3, 2, 7, 9, ಮೂರನೆಯದಕ್ಕೆ 2, 3, 7, 9 ಆಗುತ್ತದೆ. ಹೋಲಿಕೆಗಳು ಒಟ್ಟು 6. ಹೀಗೆ ಕೈಯಾರೆ ಮಾಡಿದವರಿಗೆ ಈ ಹೋಲಿಕೆಗಳನ್ನು ಮತ್ತೆ ಮತ್ತೆ ಮಾಡಿಸುವ ಒಳಗಿನ ಲೂಪ್ ಪ್ರತಿ ಸುತ್ತಿಗೂ ಒಂದೊಂದು ಹೆಜ್ಜೆ ಕಡಿಮೆ ಓಡುವುದೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ಸ್ಟ್ಯಾಕ್, ಕ್ಯೂ, ಬೈನರಿ ಸರ್ಚ್‌ಗಳಿಗೂ ಇದೇ ಕ್ರಮ ಸಲ್ಲುತ್ತದೆ.

ಡೇಟಾಬೇಸ್ ಕಲಿಯಲು ಪುಸ್ತಕದ ಕೋಷ್ಟಕಗಳಿಗಿಂತ ನಾವೇ ಕಟ್ಟಿದ ಕೋಷ್ಟಕ ಹೆಚ್ಚು ಉಪಯುಕ್ತ. ನಮ್ಮ ಮೆಟ್ರೋದ ನಿಲ್ದಾಣಗಳನ್ನು ಮಾರ್ಗದ ಹೆಸರಿನೊಡನೆ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನಲ್ಲಿ ತುಂಬಿಸಿ, ನಿಲ್ದಾಣದ ಹೆಸರನ್ನೇ ಪ್ರೈಮರಿ ಕೀ (ಪ್ರತಿ ಸಾಲನ್ನೂ ಗುರುತಿಸುವ, ಎರಡು ಸಾಲುಗಳಲ್ಲಿ ಒಂದೇ ಆಗಿರಬಾರದ ಬೆಲೆ) ಮಾಡಲು ಹೊರಟರೆ ಮೆಜೆಸ್ಟಿಕ್ ಅಡ್ಡ ಬರುತ್ತದೆ. ಅದು ನೇರಳೆ ಮಾರ್ಗದಲ್ಲಿಯೂ ಹಸಿರು ಮಾರ್ಗದಲ್ಲಿಯೂ ಇರುವುದರಿಂದ ಎರಡನೆಯ ಸಾಲನ್ನು ಸೇರಿಸಲು ಡೇಟಾಬೇಸ್ ಒಪ್ಪುವುದಿಲ್ಲ. ಆಗ ನಿಲ್ದಾಣ ಮತ್ತು ಮಾರ್ಗ ಎರಡನ್ನೂ ಕೂಡಿಸಿ ಕೀ ಮಾಡಬೇಕಾಗುತ್ತದೆ. ಮಾರ್ಗವಾರು ನಿಲ್ದಾಣಗಳನ್ನು ಎಣಿಸುವಾಗ, ಸಾಲುಗಳನ್ನು ಗುಂಪು ಮಾಡುವ ‘ಗ್ರೂಪ್ ಬೈ’ ಅರ್ಥವಾಗುತ್ತದೆ. ಹೆಚ್ಚು ನಿಲ್ದಾಣಗಳಿರುವ ಮಾರ್ಗಗಳನ್ನಷ್ಟೇ ಕೇಳುವಾಗ, ಎಣಿಕೆಯ ಮೇಲಿನ ಷರತ್ತು ಬಿಡಿ ಸಾಲುಗಳನ್ನು ಸೋಸುವ ‘ವೇರ್’ನಲ್ಲಿ ಅಲ್ಲ, ಗುಂಪುಗಳನ್ನು ಸೋಸುವ ‘ಹ್ಯಾವಿಂಗ್’ನಲ್ಲಿ ಇರಬೇಕೆಂಬುದು ತಿಳಿಯುತ್ತದೆ.

ನೆಟ್‌ವರ್ಕ್ ಮತ್ತು ಸುರಕ್ಷತೆಯ ಅಧ್ಯಾಯಗಳು ಬಹುಪಾಲು ವ್ಯಾಖ್ಯೆಗಳೇ ಆದ್ದರಿಂದ ಅವನ್ನು ಪರೀಕ್ಷೆಗೆ ಹತ್ತಿರವಾದಾಗ ಓದಿದರೂ ನಡೆಯುತ್ತದೆ. ಪ್ರಾಯೋಗಿಕ ಪರೀಕ್ಷೆಯ ರೆಕಾರ್ಡ್ ಪುಸ್ತಕವನ್ನು ಮಾತ್ರ ಹಾಗೆ ಬಾಕಿ ಇಡಬಾರದು. ಲ್ಯಾಬಿನಲ್ಲಿ ಬಂದ ಪ್ರತಿ ಎರರ್ ಸಂದೇಶವನ್ನೂ ಅದಕ್ಕೆ ಕಾರಣವಾದ ಸಾಲನ್ನೂ ಅಂದೇ ಹಿಂಬದಿಯ ಪುಟದಲ್ಲಿ ಬರೆದಿಟ್ಟರೆ, ವೈವಾದಲ್ಲಿ ಕೇಳುವ ಎಷ್ಟೋ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಸಿಗುತ್ತದೆ.