ನಲವತ್ತು ಸೆಕೆಂಡ್ ಆಡಿ, ಹೊರಗೆ ಬಾ

ಸಾಗರದ ಹತ್ತಿರ ನಮ್ಮೂರಿನಲ್ಲಿ ಒಂದು ಹಳೇ ಅಕ್ಕಿ ಗಿರಣಿ ಇದೆ. ಯಂತ್ರಗಳನ್ನೆಲ್ಲ ಎಂದೋ ಮಾರಿದ್ದಾರೆ. ಶೀಟಿನ ಮಾಡು, ಆರು ಕಂಬ, ಗಟ್ಟಿ ಸಿಮೆಂಟ್ ನೆಲ ಮಾತ್ರ ಉಳಿದಿವೆ. ಅಲ್ಲಿ ನಾನು ಹದಿನಾಲ್ಕು ಮಕ್ಕಳಿಗೆ ಗಾಲಿ ಸ್ಕೇಟ್ ಮೇಲೆ ಆಡುವ ಹಾಕಿ ಆಟ ಕಲಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಯಲಲ್ಲಿ ಆಡಿಸುವ ಮಾತೇ ಇಲ್ಲ. ಗಿರಣಿ ಇಲ್ಲದಿದ್ದರೆ ವರ್ಷದಲ್ಲಿ ನಾಲ್ಕು ತಿಂಗಳು ಸ್ಕೇಟುಗಳು ಅಟ್ಟದ ಮೇಲೇ ಇರುತ್ತಿದ್ದವು.

ನಾನು ಐಸ್ ಮೇಲೆ ಒಂದು ಸಲವೂ ನಿಂತವನಲ್ಲ. ಈ ಆಟ ಕಲಿತದ್ದು ಬೇರೆ ದೇಶದ ಹುಡುಗರ ಆಟ ನೋಡಿ. ಇಪ್ಪತ್ತು ವರ್ಷದೊಳಗಿನವರ ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್ ಸಾಮಾನ್ಯವಾಗಿ ಡಿಸೆಂಬರ್ 26ಕ್ಕೆ ಶುರುವಾಗಿ ಜನವರಿ ಮೊದಲ ವಾರ ಮುಗಿಯುತ್ತದೆ. ನಮಗೆ ಅದು ಅಡಿಕೆ ಕೊಯ್ಲಿನ ಸಮಯ. ಯುರೋಪಿನಲ್ಲಿ ಸಂಜೆ ಆಟವಿದ್ದರೆ ಇಲ್ಲಿ ನಡುರಾತ್ರಿ, ಕೆನಡಾದಲ್ಲಿ ಸಂಜೆ ಇದ್ದರೆ ಇಲ್ಲಿ ಬೆಳಗಿನ ಜಾವ. ಅಡಿಕೆ ಸುಲಿಯುವವರು ಹೇಗೂ ಎಚ್ಚರ ಇರುತ್ತಾರೆ. ಬೇಯುವ ಹಂಡೆಯ ಉರಿ ನೋಡಿಕೊಳ್ಳುವುದು ನನ್ನ ಕೆಲಸ. ಒಲೆಯ ಪಕ್ಕ ಮೊಬೈಲ್ ಇಟ್ಟುಕೊಂಡು ಸಿಕ್ಕ ಆಟವನ್ನೆಲ್ಲ ನೋಡುತ್ತಿದ್ದೆ.

ದೊಡ್ಡವರ ಆಟ ಬಿಟ್ಟು ಹುಡುಗರ ಆಟ ಯಾಕೆ ಅಂದರೆ, ಆ ವಯಸ್ಸಿನಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ. ಹದಿನೆಂಟರ ಹುಡುಗನಿಗೆ ದಣಿವಾದರೆ ಮೊದಲು ಮೊಣಕಾಲು ನೆಟ್ಟಗಾಗುತ್ತದೆ. ಆಮೇಲೆ ಅವನು ಕಾಲು ಓಡಿಸುವುದನ್ನು ಬಿಟ್ಟು ಕೋಲು ಚಾಚುತ್ತಾನೆ. ಕೋಲು ಎದುರಾಳಿಯ ಕಾಲಿಗೆ ಸಿಕ್ಕಿತೋ, ಎರಡು ನಿಮಿಷ ಹೊರಗೆ ಕೂರಬೇಕು. ನನ್ನ ಮಕ್ಕಳೂ ಹೀಗೇ ಮಾಡುತ್ತಿದ್ದರು. ಅದು ಸೋಮಾರಿತನ ಅಂತ ಎಷ್ಟು ವರ್ಷ ಸುಮ್ನೆ ಬೈದಿದ್ದೇನೋ! ಉಸಿರು ಮುಗಿದಿತ್ತು, ಅಷ್ಟೇ.

ಒಂದು ರಾತ್ರಿ ಪಕ್, ಅಂದರೆ ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ, ನೋಡುವುದನ್ನು ಬಿಟ್ಟೆ. ಒಬ್ಬನೇ ಆಟಗಾರನನ್ನು ಆರಿಸಿಕೊಂಡು ಸ್ಟಾಪ್‌ವಾಚ್ ಒತ್ತಿದೆ. ಅವನು ಐಸ್‌ಗೆ ಇಳಿದು ವಾಪಸ್ ಬೆಂಚಿಗೆ ಬಂದಾಗ ನಲವತ್ತೊಂದು ಸೆಕೆಂಡ್ ಆಗಿತ್ತು. ಇನ್ನೊಬ್ಬನಿಗೆ ಮೂವತ್ತಾರು. ಹೀಗೆ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದೆ. ಒಂದು ನಿಮಿಷ ದಾಟಿದವರು ಸಿಗುವುದೇ ಅಪರೂಪ. ಇಪ್ಪತ್ತು ನಿಮಿಷದ ಮೂರು ಪೀರಿಯಡ್ ಆಟ. ಐಸ್ ಮೇಲೆ ಗೋಲಿ (ಗೋಲು ಕಾಯುವವನು) ಬಿಟ್ಟು ಐದೇ ಜನ, ಆದರೆ ತಂಡದಲ್ಲಿ ಇಪ್ಪತ್ತು ಜನ ಸಜ್ಜಾಗಿರುತ್ತಾರೆ. ಅಷ್ಟು ಜನ ಯಾಕೆ ಬೇಕು ಅಂತ ಆ ರಾತ್ರಿ ಅರ್ಥವಾಯ್ತು. ಇವರು ಅರವತ್ತು ನಿಮಿಷದ ಆಟವನ್ನು ನಲವತ್ತು ಸೆಕೆಂಡಿನ ತುಂಡು ಮಾಡಿಕೊಂಡು ಆಡುತ್ತಾರೆ, ಪ್ರತಿ ತುಂಡಿನಲ್ಲೂ ಪೂರ್ತಿ ವೇಗ.

ಮರುದಿನವೇ ಗಿರಣಿಯಲ್ಲಿ ಶುರು ಮಾಡಿದೆ. ಜಾಗ ಚಿಕ್ಕದು. ಐಸ್ ಅಂಕಣ 60 ಮೀಟರ್ ಉದ್ದ ಇರುತ್ತದೆ, ನಮ್ಮ ನೆಲ ಅದರ ಅರ್ಧವೂ ಇಲ್ಲ. ಹಾಗಾಗಿ ಒಂದು ಕಡೆಗೆ ಮೂವರು ಮತ್ತು ಗೋಲಿ. ನಲವತ್ತು ಸೆಕೆಂಡಿಗೊಮ್ಮೆ ಗಂಟೆ ಬಾರಿಸುತ್ತಿದ್ದೆ. ಮಕ್ಕಳಿಗೆ ಬರೋಕೆ ಇಷ್ಟವೇ ಇಲ್ಲ. ಮನೆಯವರಿಗೂ ಬೇಸರ. ಒಬ್ಬ ತಾಯಿ ಬಾಗಿಲಲ್ಲೇ ನಿಂತು ಕೇಳಿದರು, "ಮೇಷ್ಟ್ರೇ, ನಮ್ಮ ಹುಡುಗ ಏನು ತಪ್ಪು ಮಾಡಿದ? ಆಗಿಂದ ಅವನನ್ನೇ ಹೊರಗೆ ಕರೀತಿದ್ದೀರಲ್ಲ?" ತಪ್ಪು ಮಾಡಿದವನನ್ನು ಹೊರಗೆ ನಿಲ್ಲಿಸುವುದನ್ನೇ ನಾವೆಲ್ಲ ಶಾಲೆಯಲ್ಲಿ ನೋಡಿದ್ದು, ಅಲ್ವಾ? ಅವರನ್ನು ಬೆಂಚಿನ ಮೇಲೆ ಕೂರಿಸಿ, ಕೈಗೆ ಸ್ಟಾಪ್‌ವಾಚ್ ಕೊಟ್ಟೆ. ಮಗನನ್ನು ಎರಡು ನಿಮಿಷ ಬಿಟ್ಟು ಆಡಿಸಿದೆ. ಮುಕ್ಕಾಲು ನಿಮಿಷವಾದ ಮೇಲೆ ಅವನು ಹೇಗೆ ಆಡಿದ ಅನ್ನೋದನ್ನು ಅವರೇ ನೋಡಿದರು. ಆಮೇಲೆ ಗಡಿಯಾರ ಹಿಡಿಯುವ ಕೆಲಸ ಅವರದ್ದೇ ಆಯ್ತು.

ಆದರೆ ನನ್ನ ಗಂಟೆಯೇ ತಪ್ಪಾಗಿತ್ತು. ಗಂಟೆ ಕೇಳಿದ ಕೂಡಲೇ ಮೂವರೂ ತಿರುಗಿ ಬೆಂಚಿನತ್ತ ಓಡುತ್ತಿದ್ದರು. ಪಕ್ ನಮ್ಮ ಗೋಲಿನ ಮುಂದೆಯೇ ಇದ್ದರೂ ಓಡುತ್ತಿದ್ದರು. ಒಂದು ಸಂಜೆ ಹೀಗೆ ಹೋಗುವವರೂ ಬರುವವರೂ ಡಿಕ್ಕಿ ಹೊಡೆದು ಒಬ್ಬ ಹುಡುಗ ಕಂಬಕ್ಕೆ ಬಿದ್ದ. ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಆ ಕಂಬಗಳಿಗೆ ಮೊದಲೇ ಏನಾದರೂ ಕಟ್ಟಬೇಕಿತ್ತು, ನಾನು ಕಟ್ಟಿರಲಿಲ್ಲ. ಈಗ ಆರೂ ಕಂಬಗಳಿಗೆ ಒಣಗಿದ ಅಡಿಕೆ ಸಿಪ್ಪೆ ತುಂಬಿದ ಗೋಣಿಚೀಲ ಸುತ್ತಿದ್ದೇವೆ. ಮೈಗೆ ಮೈ ಹಾಯಿಸುವ ಆಟವನ್ನು ಪೂರ್ತಿ ನಿಲ್ಲಿಸಿದ್ದೇನೆ. ಗಾಲಿ ಸ್ಕೇಟ್ ಕಲಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆಟಕ್ಕಿಂತ ಮೊದಲು ಕಂಬ ನೋಡಿ.

ಮತ್ತೆ ನೋಟ್‌ಬುಕ್ ತೆಗೆದು ಕೂತೆ. ಈ ಸಲ ಎಷ್ಟು ಹೊತ್ತಿಗೆ ಬದಲಾಗುತ್ತಾರೆ ಅನ್ನೋದನ್ನು ಬಿಟ್ಟು, ಬದಲಾಗುವಾಗ ಪಕ್ ಎಲ್ಲಿದೆ ಅಂತ ಬರೆದುಕೊಂಡೆ. ಹೆಚ್ಚಿನ ಸಲ ಅದು ಎದುರಾಳಿಯ ಮೂಲೆಯಲ್ಲಿತ್ತು. ನಡುಗೆರೆ ದಾಟಿದ ಮೇಲೆ ಪಕ್ ಆಳಕ್ಕೆ ಹೊಡೆದು, ಎದುರಿನವರು ಅದನ್ನು ತರೋಕೆ ಹಿಂದೆ ತಿರುಗಿದಾಗ ಇವರು ಬೆಂಚಿಗೆ ಬರುತ್ತಾರೆ. ಅದೂ ಒಟ್ಟಿಗೆ ಬರುವುದಿಲ್ಲ. ಹೋಗುವವನು ಬೆಂಚಿನ ತೀರಾ ಹತ್ತಿರ ಬರುವ ತನಕ ಹೊಸಬ ಆಟಕ್ಕೆ ಇಳಿಯುವಂತಿಲ್ಲ. ಇಳಿದರೆ ಇಡೀ ತಂಡಕ್ಕೆ ಎರಡು ನಿಮಿಷದ ಶಿಕ್ಷೆ.

ಎರಡನೇ ಪೀರಿಯಡ್‌ನಲ್ಲಿ ಇನ್ನೊಂದು ವಿಷಯ ಇದೆ. ತಂಡಗಳು ಗೋಲು ಬದಲಿಸುತ್ತವೆ, ಬೆಂಚು ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ರಕ್ಷಣೆ ಮಾಡುವಾಗ ಬೆಂಚು ದೂರ. ದಣಿದ ಹುಡುಗರು ತಮ್ಮ ಗೋಲಿನ ಮುಂದೆ ಸಿಕ್ಕಿಬೀಳುತ್ತಾರೆ, ಹೊರಗೆ ಬರೋಕೆ ಆಗುವುದಿಲ್ಲ. ನಮ್ಮ ಗಿರಣಿಗೆ ಬಾಗಿಲು ಒಂದೇ ಕೊನೆಯಲ್ಲಿದೆ, ಬೆಂಚೂ ಅಲ್ಲೇ. ಒಂದು ತಂಡಕ್ಕೆ ಯಾವಾಗಲೂ ದೂರದ ದಾರಿ. ಮೊದಲು ಇದನ್ನು ಕೊರತೆ ಅಂದುಕೊಂಡಿದ್ದೆ. ಈಗ ಬೇಕಂತಲೇ ದುರ್ಬಲ ತಂಡವನ್ನು ಬಾಗಿಲ ಹತ್ತಿರ, ಬಲವಾದ ತಂಡವನ್ನು ದೂರ ನಿಲ್ಲಿಸುತ್ತೇನೆ.

ಗಂಟೆ ತೆಗೆದಿಟ್ಟೆ. ಹೊಸ ನಿಯಮ ಎರಡೇ. ಪಕ್ ನಮ್ಮ ಅರ್ಧದಲ್ಲಿದ್ದರೆ ಯಾರೂ ಬರುವಂತಿಲ್ಲ. ಆ ಕಡೆ ಹೋದ ಕೂಡಲೇ, ಜಾಸ್ತಿ ದಣಿದವನು ಮೊದಲು ಬರಬೇಕು. ಯಾರು ಜಾಸ್ತಿ ದಣಿದಿದ್ದಾರೆ ಅಂತ ಅವರೇ ಕೂಗಿ ಹೇಳಬೇಕು. ಇದು ರೂಢಿಯಾಗೋಕೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಒದ್ದೆ ಗಾಳಿಗೆ ಬೇರಿಂಗ್ ತುಕ್ಕು ಹಿಡಿಯುವುದು, ಹೊಲಿಗೆ ಯಂತ್ರದ ಎಣ್ಣೆ ಬಿಡುವುದು, ಇವೆಲ್ಲ ಇದ್ದೇ ಇದ್ದವು.

ಮಕ್ಕಳಿಗೆ ನಾನು ಪದೇ ಪದೇ ತೋರಿಸುವ ಒಂದು ತುಣುಕು ಇದೆ. 2021ರ ಡಿಸೆಂಬರ್‌ನಲ್ಲಿ ಕೋವಿಡ್‌ನಿಂದ ಅರ್ಧಕ್ಕೆ ನಿಂತ ಇಪ್ಪತ್ತರೊಳಗಿನವರ ಟೂರ್ನಿಯನ್ನು 2022ರ ಆಗಸ್ಟ್‌ನಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಮತ್ತೆ ಆಡಿಸಿದರು. ಫೈನಲ್‌ನಲ್ಲಿ ಕೆನಡಾ, ಫಿನ್‌ಲ್ಯಾಂಡ್ 2-2. ಹೆಚ್ಚುವರಿ ಸಮಯದಲ್ಲಿ ನಮ್ಮ ಗಿರಣಿಯ ಹಾಗೇ ಮೂವರ ವಿರುದ್ಧ ಮೂವರು. ಗೋಲಿಯನ್ನು ದಾಟಿದ ಪಕ್ ಗೋಲು ಗೆರೆಯ ಮೇಲೆ ಇಳಿಯುತ್ತಿತ್ತು. ಕೆನಡಾದ ನಾಯಕ ಮೇಸನ್ ಮ್ಯಾಕ್‌ಟವಿಶ್ ಅದನ್ನು ಗಾಳಿಯಲ್ಲೇ ಕೋಲಿನಿಂದ ಹೊಡೆದು ಹೊರಗೆ ಹಾಕಿದ. ಅವನು ಗೋಲು ಹೊಡೆಯುವ ಆಟಗಾರ, ಟೂರ್ನಿಯಲ್ಲಿ ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ 17 ಪಾಯಿಂಟ್ ಗಳಿಸಿದವನು. ಅಂಥವನು ತನ್ನ ಗೋಲಿನ ಬಾಯಲ್ಲಿ ನಿಂತಿದ್ದ. ಸ್ವಲ್ಪ ಹೊತ್ತಿಗೇ ಕೆಂಟ್ ಜಾನ್ಸನ್ ಗೋಲು ಹೊಡೆದು ಕೆನಡಾ ಗೆದ್ದಿತು. ಗೋಲು ಬಿದ್ದಾಗ ಮಕ್ಕಳು ಕೂಗುತ್ತಾರೆ. ನಾನು ಹಿಂದಕ್ಕೆ ಎಳೆದು, ಮ್ಯಾಕ್‌ಟವಿಶ್ ವಾಪಸ್ ಬರುವುದನ್ನು ತೋರಿಸುತ್ತೇನೆ.

2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಐಸ್ ಹಾಕಿ ಏಷ್ಯಾ ಕಪ್‌ನಲ್ಲಿ ನಮ್ಮ ದೇಶದ ಮಹಿಳಾ ತಂಡ ಕಂಚು ಗೆದ್ದಿತು. ತಂಡದಲ್ಲಿ ಹೆಚ್ಚಿನವರು ಲಡಾಖಿನವರು ಅಂದಾಗ ನಮ್ಮ ಹುಡುಗಿಯೊಬ್ಬಳು ಕೇಳಿದಳು, "ಸರ್, ಅವರಿಗೆ ವರ್ಷಪೂರ್ತಿ ಐಸ್ ಇರುತ್ತಾ?" ಇಲ್ಲ ಕಣಮ್ಮ, ಕೆರೆ ಹೆಪ್ಪುಗಟ್ಟುವ ಚಳಿಗಾಲದ ಕೆಲವೇ ವಾರ ಅಂದೆ. ಅವಳು ಸ್ವಲ್ಪ ಯೋಚಿಸಿ, "ಹಂಗಾದ್ರೆ ನಮಗೇ ಜಾಸ್ತಿ ದಿನ ಸಿಗುತ್ತೆ" ಅಂದಳು.

ಅವಳೇ ಕಳೆದ ವಾರ ಆಟದ ಮಧ್ಯೆ ಪಕ್ ಮೂಲೆಗೆ ಹೊಡೆದು, "ನಾನು ಬಂದೆ!" ಅಂತ ಕೂಗಿ ಬೆಂಚಿಗೆ ಬಂದಳು. ಗಡಿಯಾರ ಹಿಡಿದ ಆ ತಾಯಿ ನನ್ನತ್ತ ತಿರುಗಿಸಿ ತೋರಿಸಿದರು. ಮೂವತ್ತೆಂಟು.