ಮಗುವಿನ ತಲೆಗೆ ಪೆಟ್ಟಾದರೆ: ಇಂಗ್ಲೆಂಡಿಗೆ ಹೊಸದಾಗಿ ಬಂದ ಅಪ್ಪ ಅಮ್ಮಂದಿರಿಗೆ

ಇಲ್ಲಿ ಬಾಡಿಗೆಗೆ ಸಿಗುವ ಮನೆಗಳಲ್ಲಿ ಮಹಡಿ ಮೆಟ್ಟಿಲು ಇರುವುದೇ ಜಾಸ್ತಿ. ಚಿಕ್ಕ ಮಕ್ಕಳಿದ್ದರೆ ಸಾಮಾನು ಬಿಚ್ಚುವ ಮೊದಲೇ ಸ್ಟೇರ್ ಗೇಟ್ ಹಾಕಿಸಿ, ಮೇಲೊಂದು, ಕೆಳಗೊಂದು. ಅಷ್ಟಾದರೂ ಮಕ್ಕಳು ಬೀಳುತ್ತಾರೆ. ಆಗ ನಮ್ಮವರಲ್ಲಿ ಅನೇಕರು ಮೊದಲು ಮಾಡುವುದು ಊರಿನಲ್ಲಿರುವ ಡಾಕ್ಟರ್ ಸಂಬಂಧಿಗೆ ವಾಟ್ಸಾಪ್ ಕಾಲ್. ಅಲ್ಲಿ ನಡುರಾತ್ರಿ. ನಿದ್ದೆಗಣ್ಣಿನಲ್ಲಿ ಫೋನ್ ಹಿಡಿದು ಅವರಾದರೂ ಏನು ನೋಡಿಯಾರು? ಆ ಕಾಲ್ ಆಮೇಲೆ ಮಾಡಿ. ಮೊದಲು ಬೇಕಾಗುವುದು ಇಲ್ಲಿನ 999 (ಆಂಬ್ಯುಲೆನ್ಸ್ ಕರೆಸುವ ತುರ್ತು ನಂಬರ್) ಅಥವಾ 111 (ಪ್ರಾಣಾಪಾಯ ಇಲ್ಲದಾಗ ಆರೋಗ್ಯ ಸಲಹೆ ಕೇಳುವ ನಂಬರ್).

ಮಗು ಎಚ್ಚರ ತಪ್ಪಿ ಏಳದಿದ್ದರೆ, ಫಿಟ್ಸ್ ಬಂದರೆ, ಕಣ್ಣು ತೆರೆದಿಡಲು ಆಗದಷ್ಟು ಮಂಪರಾದರೆ ನೇರ 999. ಕಿವಿಯಿಂದ ರಕ್ತ, ಕಿವಿ ಅಥವಾ ಮೂಗಿನಿಂದ ನೀರಿನಂಥ ದ್ರವ ಬಂದರೂ ಅಷ್ಟೇ. ಕೈಕಾಲು ಸೋತರೆ, ಮಾತು ತೊದಲಿದರೆ, ನಡೆಯುವಾಗ ತೂರಾಡಿದರೆ, ಕಣ್ಣು ಸರಿಯಾಗಿ ಕಾಣದಿದ್ದರೆ ಕಾಯಬೇಡಿ. 1 ಮೀಟರ್‌ಗಿಂತ ಎತ್ತರದಿಂದ ಅಥವಾ 5 ಮೆಟ್ಟಿಲಿಗಿಂತ ಮೇಲಿನಿಂದ ಬಿದ್ದರೂ, ಕಾರು ಬಡಿದರೂ 999ಕ್ಕೇ ಫೋನ್ ಮಾಡಿ ಅನ್ನುವುದು ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಮಾತು.

ಸ್ವಲ್ಪ ಹೊತ್ತು ಎಚ್ಚರ ತಪ್ಪಿ ಆಮೇಲೆ ಎದ್ದಿದ್ದರೆ, ಬಿದ್ದ ಮೇಲೆ ವಾಂತಿ ಆಗಿದ್ದರೆ, ನೋವಿನ ಔಷಧಿ ಕೊಟ್ಟರೂ ತಲೆನೋವು ಇಳಿಯದಿದ್ದರೆ, ಏನಾಯಿತೆಂದೇ ನೆನಪಿಲ್ಲದಿದ್ದರೆ ನೀವೇ ಎ ಅಂಡ್ ಇಗೆ, ಅಂದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ, ಕರೆದುಕೊಂಡು ಹೋಗಿ. ಮಾತು ಬಾರದ ಮಕ್ಕಳಲ್ಲಿ ಗಮನಿಸಬೇಕಾದ್ದು ನಡವಳಿಕೆ. ಎಷ್ಟು ಎತ್ತಿಕೊಂಡರೂ ನಿಲ್ಲದ ಅಳು, ಹಾಲು ಬೇಡ ಅನ್ನುವುದು, ಆಟಿಕೆ ಮುಂದಿಟ್ಟರೂ ನೋಡದೆ ಇರುವುದು. ವರ್ಷ ತುಂಬದ ಕೂಸಾದರೆ ನಾನಂತೂ ತೋರಿಸಿಬಿಡಿ ಅಂತಲೇ ಹೇಳುತ್ತೇನೆ. ಗೊಂದಲವಿದ್ದರೆ 111. ಅದು ಉಚಿತ, ಹಗಲು ರಾತ್ರಿ ಇರುತ್ತದೆ. 5 ವರ್ಷದೊಳಗಿನ ಮಕ್ಕಳಿಗೆ ಆನ್‌ಲೈನ್ ಬೇಡ, ಫೋನೇ ಮಾಡಬೇಕು. ಇಂಗ್ಲಿಷ್ ಕಷ್ಟವಾದರೆ ಇಂಟರ್‌ಪ್ರಿಟರ್ ಕೇಳಿ, ಅದಕ್ಕೂ ದುಡ್ಡಿಲ್ಲ.

ಹಣೆಯ ಮೇಲಿನ ಬುಗುಟೆ ನೋಡಿ ಕೈಕಾಲು ಬಿಡಬೇಡಿ. ಅಲ್ಲಿ ರಕ್ತದ ಓಡಾಟ ಜಾಸ್ತಿ, ಸಣ್ಣ ಪೆಟ್ಟಿಗೂ ಊದುತ್ತದೆ. ಫ್ರೀಜರಿನ ಬಟಾಣಿ ಪ್ಯಾಕೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ಆಗಾಗ ಇಡಿ. ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಗಾಯಕ್ಕೆ ಕಾಫಿಪುಡಿ, ಅರಿಶಿನ ಖಂಡಿತ ಬೇಡ, ಪಾಪ ನರ್ಸ್ ಅದನ್ನೆಲ್ಲ ತೊಳೆಯಬೇಕಾಗುತ್ತದೆ. ನೋವಿಗೆ ವಯಸ್ಸಿಗೆ ತಕ್ಕಷ್ಟು ಕ್ಯಾಲ್‌ಪಾಲ್ (ಮಕ್ಕಳ ಪ್ಯಾರಾಸಿಟಮಾಲ್ ಸಿರಪ್) ಸಾಕು. 16 ವರ್ಷದೊಳಗಿನವರಿಗೆ ಆಸ್ಪಿರಿನ್ ಕೊಡಬಾರದು. ಮಲಗಲು ಬಿಡಬಾರದು ಅನ್ನುವುದು ಅಜ್ಜಿಯರ ಕಾಲದ ಹೆದರಿಕೆ. ಮೇಲೆ ಹೇಳಿದ್ದು ಯಾವುದೂ ಇಲ್ಲದಿದ್ದರೆ ಮಲಗುವ ಹೊತ್ತಿಗೆ ಮಗು ಮಲಗಲಿ, ನೀವು ಆಗಾಗ ಎದ್ದು ನೋಡಿ. ಎಬ್ಬಿಸಿದರೂ ಏಳದಿದ್ದರೆ, ಮೇಲೆ 999 ಎಂದು ಹೇಳಿದ್ದು ಯಾವುದಾದರೂ ಕಂಡರೆ ತಕ್ಷಣ 999.

ಆಸ್ಪತ್ರೆಯಿಂದ ಬಂದವರು ಹೇಳುವ ದೂರು ಒಂದೇ: "ನಾಲ್ಕು ಗಂಟೆ ಕೂರಿಸಿದರು, ಸ್ಕ್ಯಾನ್ ಮಾಡಲೇ ಇಲ್ಲ." ಆ ಕೂರಿಸುವುದೇ ಇಲ್ಲಿ ಪರೀಕ್ಷೆ. ಸಿಟಿ ಸ್ಕ್ಯಾನ್ ಅಂದರೆ ಎಳೆ ಮೆದುಳಿಗೆ ವಿಕಿರಣ. ಅದಕ್ಕೇ ಲಕ್ಷಣಗಳನ್ನು ತೂಗಿ ನೋಡುತ್ತಾರೆ. ಸ್ಕ್ಯಾನ್ ಬೇಕೋ ಬೇಡವೋ ಅನ್ನುವ ಮಕ್ಕಳನ್ನು ಕನಿಷ್ಠ 4 ಗಂಟೆ ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ಪದ್ಧತಿ. ಆ ಹೊತ್ತಿನಲ್ಲಿ ವಾಂತಿಯಾದರೆ, ಮಂಪರು ಹೆಚ್ಚಿದರೆ ತಕ್ಷಣ ಸ್ಕ್ಯಾನ್ ಆಗುತ್ತದೆ. ದುಡ್ಡು ಕೊಟ್ಟು ಮಾಡಿಸುತ್ತೇವೆ ಅಂತ ಜಗಳ ತೆಗೆಯಬೇಡಿ. ಸರದಿಯೂ ಅಷ್ಟೇ, ಮೊದಲು ಬಂದವರಿಗೆ ಮೊದಲು ಅನ್ನುವ ಲೆಕ್ಕವಿಲ್ಲ. ಆದರೆ ಕಾಯುವಾಗ ಮಗು ಬದಲಾದಂತೆ ಕಂಡರೆ ಸಂಕೋಚ ಬಿಟ್ಟು ಎದ್ದು ಹೋಗಿ ನರ್ಸಿಗೆ ಹೇಳಿ. ಸುಮ್ನೆ ಕೂತಿರುವುದು ಮರ್ಯಾದೆ ಅಲ್ಲ.

ಇನ್ನು ನಮ್ಮವರನ್ನು ಹೆಚ್ಚು ಹೆದರಿಸುವ ವಿಷಯ. ಹೇಗೆ ಬಿತ್ತು, ಆಗ ಯಾರಿದ್ದರು, ಎಷ್ಟು ಹೊತ್ತಿಗೆ ಅಂತ ಮೂರು ಜನ ಮೂರು ಸಲ ಕೇಳುತ್ತಾರೆ. ನಿಮ್ಮ ಮೇಲಿನ ಅನುಮಾನದಿಂದಲೇ ಕೇಳುತ್ತಾರೆ ಅಂದುಕೊಳ್ಳಬೇಡಿ. ಮಕ್ಕಳ ರಕ್ಷಣೆಗೆಂದು ಎಲ್ಲರನ್ನೂ ಕೇಳುವ ಪ್ರಶ್ನೆಗಳು ಇವು. ಊರಿನಿಂದ ಬಂದ ಅತ್ತೆ ನೋಡಿಕೊಳ್ಳುತ್ತಿದ್ದರೆ ಹಾಗೇ ಹೇಳಿ, ಅವರನ್ನು ಉಳಿಸಲು ಕತೆ ಕಟ್ಟಬೇಡಿ. ಒಬ್ಬರು ಮಂಚ, ಇನ್ನೊಬ್ಬರು ಸೋಫಾ ಅಂದರೆ ಪ್ರಶ್ನೆ ಬೆಳೆಯುತ್ತದೆ. ಇನ್ನೊಂದು ಮಾತು. ನಮ್ಮ ಎಷ್ಟೋ ಕೂಸುಗಳಿಗೆ ಸೊಂಟದ ಹತ್ತಿರ ಹುಟ್ಟಿನಿಂದಲೇ ನೀಲಿ ಮಚ್ಚೆ ಇರುತ್ತದೆ. ಇಲ್ಲಿ ಅದನ್ನು ಪೆಟ್ಟಿನ ಗುರುತು ಅಂದುಕೊಂಡುಬಿಡಬಹುದು. ಹೆಲ್ತ್ ವಿಸಿಟರ್‌ಗೆ (ಚಿಕ್ಕ ಮಕ್ಕಳ ಆರೋಗ್ಯ ನೋಡಿಕೊಳ್ಳುವ ನರ್ಸ್) ತೋರಿಸಿ ಮಗುವಿನ ರೆಡ್ ಬುಕ್ಕಿನಲ್ಲಿ, ಅಂದರೆ ಆರೋಗ್ಯ ದಾಖಲೆ ಪುಸ್ತಕದಲ್ಲಿ, ಬರೆಸಿಡಿ.

ಖರ್ಚಿನ ಚಿಂತೆಗೆ ಹಿಂಜರಿಯಬೇಡಿ. ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀರಲ್ವಾ, ಎನ್‌ಎಚ್‌ಎಸ್ ಆಸ್ಪತ್ರೆಯ ಖರ್ಚು ಅದರಲ್ಲೇ ಬಂತು. ಬೇಸಿಗೆಗೆ ಬಂದ ಅಕ್ಕನ ಮಕ್ಕಳಿಗೂ ಎ ಅಂಡ್ ಇ ಚಿಕಿತ್ಸೆ ಉಚಿತ. ಆದರೆ ಅಡ್ಮಿಟ್ ಆದರೆ ಅವರಿಗೆ ಬಿಲ್ ಬರುತ್ತದೆ, ಟ್ರಾವೆಲ್ ಇನ್ಶೂರೆನ್ಸ್ ಇರಲಿ.

ಶಾಲೆಯಲ್ಲಿ ಪೆಟ್ಟಾದರೆ ಸಾಮಾನ್ಯವಾಗಿ ಒಂದು ಚೀಟಿ ಬರುತ್ತದೆ. ಬ್ಯಾಗಿನಲ್ಲೇ ಬಿಡದೆ ಓದಿ, ಎಷ್ಟು ಗಂಟೆಗೆ ಆಯಿತು ಅನ್ನುವುದು ಅದರಲ್ಲಿರುತ್ತದೆ. ಫುಟ್‌ಬಾಲ್, ಕ್ರಿಕೆಟ್ ಆಡುವಾಗ ಪೆಟ್ಟಾಗಿ ತಲೆ ಸುತ್ತಿದರೆ, ಮಂಕಾದರೆ ಕನ್‌ಕಷನ್, ಅಂದರೆ ಪೆಟ್ಟಿನಿಂದ ಮೆದುಳಿಗಾಗುವ ತಾತ್ಕಾಲಿಕ ತೊಂದರೆಯ, ಅನುಮಾನ. ಅವತ್ತು ಮತ್ತೆ ಮೈದಾನಕ್ಕೆ ಇಳಿಸಬಾರದು. ಮೊದಲ 48 ಗಂಟೆ ಮೊಬೈಲ್, ಟಿವಿ ಕಡಿಮೆ ಮಾಡಿ. ಇಲ್ಲಿನ ಸರ್ಕಾರದ 2023ರ ಮಾರ್ಗಸೂಚಿ ಪ್ರಕಾರ 21 ದಿನಕ್ಕೆ ಮೊದಲು ಪಂದ್ಯ ಆಡುವಂತಿಲ್ಲ. ಆಗಲೂ ಕೊನೆಯ 14 ದಿನ ಯಾವ ಲಕ್ಷಣವೂ ಇರಬಾರದು. ಶನಿವಾರದ ಮ್ಯಾಚಿಗೆ ಮಗ ಎಷ್ಟೇ ಹಟ ಹಿಡಿಯಲಿ, ಕೋಚಿಗೆ ನೀವೇ ಮೆಸೇಜ್ ಹಾಕಿ ತಿಳಿಸಿಬಿಡಿ.